ಬಸ್ಸಿನೊಳಗಿನ ಗೋಡೆ

"ಸ್ವಂತ ಗ್ವಾಡಿ ಇಲ್ಲದಾಂವಗ ಮಗಳ್ನ ಕೊಡೂದಿಲ್ಲಪಾ." ನಾನು ಲಗ್ನವಾಗಬೇಕೆಂದಿದ್ದ ಸಾವಕ್ಕನ ತಂದೆ ಹನುಮಂತಪ್ಪ ಮೂಗಿನಲ್ಲಿ ಹೇಳಿದ್ದನ್ನು ನಾನೂ ಮೂಗಿನಲ್ಲೇ ಹೇಳಿ ತೋರಿಸಿದಾಗ ಗೆಳೆಯ ಗಿರಿಯಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಅವನೇ ದಾರಿ ಹುಡುಕಿದ. ಅವನು ಕೆಲಸ ಮಾಡುತ್ತಿದ್ದ ಗೋಕುಲ ರಸ್ತೆಯ ಗ್ಯಾರೇಜಿನಲ್ಲಿ ಇಂಜಿನ್ ಕಳಚಿದ ಬಸ್ಸೊಂದು ಬಿದ್ದಿತ್ತು. ಇಬ್ಬರೂ ಕೂಡಿ ಕೊಂಡು, ಗೋಪನಕೊಪ್ಪದ ಬಯಲಿಗೆ ಎಳೆಸಿದೆವು. ನಡುವೆ ಹಲಗೆಯ ಗೋಡೆ; ಹನುಮಂತಪ್ಪ ಕೇಳಿದ 'ಗ್ವಾಡಿ' ಅದೇ. ಮುಂದಿನ ಅರ್ಧ ನನಗೆ, ಹಿಂದಿನದು ಅವನಿಗೆ.

"ನಾ ಓದಿದ ಬಿ.ಎ. ಅಂದ್ರ ಬಸ್ಸಿನ ಅಳಿಯಾ!" ಎಂದೆ.

"ಅಳಿಯಾ, ಗ್ವಾಡಿ ನೀನ ಕಟ್ಟು. ನಾನ ಕಟ್ಟೀನಿ ಅಂತ ಮಾವಗ ಹೇಳಾಕ ಬೇಕಲ್ಲ?"

ನಾನೇ ಕಟ್ಟಿದೆ. ಮೆತ್ತನೆಯ ಕಪ್ಪು ಎರಿ ಮಣ್ಣಿನಲ್ಲಿ ಮುಂದಿನ ಗಾಲಿಗಳು ಹೂತು ಬಸ್ಸು ಮೂತಿ ತಗ್ಗಿಸಿ ನಿಂತಿತ್ತು. ಗೋಡೆ ಕಟ್ಟುವ ಗೌಂಡಿಯಿಂದ ಎರವಲು ತಂದ ತೂಗುಗುಂಡು ಇಳಿಬಿಟ್ಟು ಹಲಗೆ ನಿಲ್ಲಿಸಿದರೆ, ಗೋಡೆ ಗುಂಡಿನಂತೆ ನೆಟ್ಟಗೆ, ಬಸ್ಸಿನ ಕಿಟಕಿಯ ಕಂಬಿ ಮುಂದಕ್ಕೆ ಓರೆ.

"ಗುಂಡ ಸುಳ್ಳ ಹೇಳೂದಿಲ್ಲೋ. ಮೊಳಿ ಹೊಡಿ," ಎಂದ ಗಿರಿಯಪ್ಪ. ಹೊಡೆದೆ.

ಹನುಮಂತಪ್ಪ ಮನೆ ನೋಡಲು ಬರುವ ದಿನ, ಚಹಾ ಕೊಡಲು ಹೆಂಗಸೊಬ್ಬಳು ಬೇಕೆಂದು ಗಿರಿಯಪ್ಪ ತನ್ನ ತಾಯಿ ಮುದಕವ್ವನನ್ನು ಕರೆಸಿದ್ದ. ನಾನು ಸ್ಟೇಶನ್ನಿಗೆ ಹೋಗಿ ಹನುಮಂತಪ್ಪನವರನ್ನು ಕರೆತರುವಷ್ಟರಲ್ಲಿ ಬಸ್ಸು ತಲೆಯೆತ್ತಿ ನಿಂತಿತ್ತು. ಮುಂದೆ ಜಾಕು, ಗಾಲಿಯ ಕೆಳಗೆ ಕಲ್ಲು. ಒಳಗೆ ನನ್ನ ಗೋಡೆ ಕುಡುಕನಂತೆ ಹಿಂದಕ್ಕೆ ವಾಲಿತ್ತು.

"ಇದನ್ಯಾರ ಕಟ್ಟ್ಯಾರ?" ಹನುಮಂತಪ್ಪ ಕೇಳಿದರು.

"ಯಂಕಣ್ಣ ಒಬ್ಬಾಂವನ ಕಟ್ಟ್ಯಾನ್ರಿ," ಎಂದ ಗಿರಿಯಪ್ಪ. "ಬಸ್ಸ ನೆಟ್ಟಗ ಮಾಡಿದಾಂವ ನಾನು."

"ಗಿರ್ಯಾ, ಕಟ್ಟೂ ಮುಂಚೆ ಯಾಕ ಎತ್ತಲಿಲ್ಲೋ?" ಎಂದೆ.

ಅವನು ಎರಡೂ ಕೈಗೆ ಹತ್ತಿದ ಗ್ರೀಸು ಒರೆಸುತ್ತ ನಿಂತ. ನಾನು ಗುಂಡು, ಇಳಿಜಾರು, ಜಾಕು ಎಲ್ಲ ವಿವರಿಸಿದೆ. ವಿವರಿಸಿದಷ್ಟೂ ಗೋಡೆ ಇನ್ನಷ್ಟು ವಾಲಿದಂತೆ ಕಂಡಿತು.

"ಮಾತ ಭಾಳ ಕಲತೀಪಾ," ಎಂದರು ಹನುಮಂತಪ್ಪ. ಗಿರಿಯಪ್ಪನ ಕಡೆ ತಿರುಗಿದರು. "ನಿಂದ ಲಗ್ನ ಆಗೇತೇನು ತಮ್ಮಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಮುದಕವ್ವ ತಡಮಾಡಲಿಲ್ಲ. ಉಡಿಯಿಂದ ಸಕ್ಕರೆಯ ಪುಡಿಕೆ ತೆಗೆದಳು. ಲಗ್ನ ಗೊತ್ತಾದರೆ ಹಂಚುವ ಸಕ್ಕರೆ. ಪೇಟೆ ಅಲ್ಲಿಂದ ಎರಡು ಮೈಲು; ಪುಡಿಕೆ ಮಾತ್ರ ಮೊದಲೇ ಉಡಿಯಲ್ಲಿತ್ತು.

"ಯಂಕಣ್ಣಾ, ಈ ದಾರ ಬಿಚ್ಚ ನನ್ನಪ್ಪಾ. ನಂಗ ಕಣ್ಣ ಕಾಣೂದಿಲ್ಲ."

ಬಿಚ್ಚಿಕೊಟ್ಟೆ. ಮೊದಲ ಚಿಟಿಕೆ ನನ್ನ ಕೈಗೇ ಹಾಕಿದಳು.