ಯಂತ್ರ ಕೊಟ್ಟ ಕಾರಣ

ಆಸ್ಪತ್ರೆಯ ವಾರ್ಡಿಗೆ ಬಂದ ಹೊಸ ಯಂತ್ರ ಯಾವ ರೋಗಿಯನ್ನು ಮನೆಗೆ ಕಳಿಸಬಹುದು ಎಂದಷ್ಟೇ ಹೇಳಿ ಸುಮ್ಮನಾಗುವ ಜಾತಿಯದಲ್ಲ; ಯಾಕೆ ಎಂದೂ ಹೇಳುತ್ತಿತ್ತು. ಸಲಹೆಯ ಕೆಳಗೆ ಬಣ್ಣದ ಗೆರೆಗಳು, ಉದ್ದ ಗೆರೆಯೆಂದರೆ ದೊಡ್ಡ ಕಾರಣ. ಅದನ್ನು ಹೊತ್ತು ತಂದ ಸಂಶೋಧಕ ಮಹಾಶಯನ ಪ್ರಕಾರ ಈಗ ಎಲ್ಲೆಡೆ ಇದೇ ಗಾಳಿ: ಯಂತ್ರ ಸರಿಯಾಗಿ ಹೇಳಿದರೆ ಸಾಲದು, ನಂಬುವ ಹಾಗೆ ಹೇಳಬೇಕು. ನಂಬುವ ಹಾಗೆ ಹೇಳಿಬಿಟ್ಟರೆ ಸರಿಯೋ ತಪ್ಪೋ ಎಂದು ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ ಎಂಬುದನ್ನು ದೊಡ್ಡ ಸಿಸ್ಟರ್ ಒಂದೇ ವಾರದಲ್ಲಿ ಕಂಡುಕೊಂಡಿದ್ದರು.

ಆ ಬೆಳಿಗ್ಗೆ ಬಡಗಿ ಅಜ್ಜನ ಸರದಿ. 'ಮನೆಗೆ ಕಳಿಸಬಹುದು' ಎಂದಿತು ಯಂತ್ರ. ಎಲ್ಲಕ್ಕಿಂತ ಉದ್ದದ ಹಸಿರು ಗೆರೆ: 'ಎರಡು ದಿನದಿಂದ ಕರೆಗಂಟೆ ಒತ್ತಿಲ್ಲ.'

"ಎಷ್ಟು ಸ್ಪಷ್ಟ ನೋಡಿ! ನೋವಿಲ್ಲ, ಅದಕ್ಕೇ ಕರೆದಿಲ್ಲ," ಸಂಶೋಧಕ ಹಿಗ್ಗಿದ. ಡಾಕ್ಟರು ಪೆನ್ನು ತೆಗೆದರು.

ಸಿಸ್ಟರ್ ಹಾಸಿಗೆಯ ಹತ್ತಿರ ಹೋದರು. ಗಂಟೆಯ ಗುಂಡಿ ಅಜ್ಜನ ಬಲಕ್ಕೆ ತೂಗುತ್ತಿತ್ತು. "ಏನಜ್ಜ, ನಮ್ಮ ಮೇಲೆ ಮುನಿಸಾ? ಕರೆಯೋದನ್ನೇ ಬಿಟ್ಟಿರಿ."

"ಒತ್ತೋಕೆ ಕೈ ಏಳಬೇಕಲ್ಲ ತಾಯಿ. ಮೊನ್ನೆಯಿಂದ ಜೋಮು ಹಿಡಿದ ಹಾಗಿದೆ."

ಅವರು ಆ ಕೈ ಹಿಡಿದು ನೋಡಿದರು. ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಯಂತ್ರ ಬಂದ ಮೇಲೆ ಕೈ ಹಿಡಿದು ನೋಡುವ ರೂಢಿ ಎಲ್ಲರಿಗೂ ತಪ್ಪಿತ್ತು, ಅವರಿಗೂ.

"ಡಾಕ್ಟ್ರೇ, ಬಲಗೈ ಸೋತಿದೆ, ಲಕ್ವ ಇರಬಹುದು. ತಲೆ ಸ್ಕ್ಯಾನ್ ಈಗಲೇ ಆಗಬೇಕು."

ಡಾಕ್ಟರು ಯಂತ್ರದ ಪರದೆ ನೋಡಿದರು. "ಬಲಗೈಗೆ ಇಲ್ಲಿ ಗೆರೆಯೇ ಇಲ್ವಲ್ಲ ಸಿಸ್ಟರ್? ಯಂತ್ರದ ಮಾತು ಮೀರಬೇಕಂದ್ರೆ ಸಮಿತಿಗೆ ಕಾರಣ ಬರೆದುಕೊಡಬೇಕು. ಸಮಿತಿ ಸೇರೋದು ನಾಳಿದ್ದು."

"ಮುಂದಿನ ಆವೃತ್ತೀಲಿ ಕೈ ಸೇರಿಸ್ತೀವಿ," ಸಂಶೋಧಕ ಬರೆದುಕೊಂಡ.

"ಅಲ್ಲೀವರೆಗೆ ಅಜ್ಜ ಇರಬೇಕಲ್ಲಪ್ಪಾ!"

ಸಿಸ್ಟರ್ ಇನ್ನು ವಾದಕ್ಕೆ ನಿಲ್ಲಲಿಲ್ಲ. ಗುಂಡಿಯನ್ನು ತಂದು ಅಜ್ಜನ ಎಡಗೈಯಲ್ಲಿಟ್ಟರು. "ಒತ್ತಿ. ನಾನು ಸಾಕು ಅನ್ನೋವರೆಗೂ ಒತ್ತಿ."

ಅಜ್ಜ ಮೊಳೆ ಹೊಡೆಯುವವನ ಶ್ರದ್ಧೆಯಿಂದ ಒತ್ತಿದ. ವಾರ್ಡೆಲ್ಲ ಗಣಗಣ. ಪರದೆಯ ಮೇಲೆ ಹಸಿರು ಕುಗ್ಗಿತು, ಕೆಂಪು ಬೆಳೆಯಿತು: 'ಕರೆಗಂಟೆ ಮೂವತ್ತೊಂದು ಸಲ. ಕಳಿಸಬೇಡಿ. ಕೂಡಲೇ ಪರೀಕ್ಷಿಸಿ.'

"ಹೀಗೆ ಬಿಡಿಸಿ ಹೇಳಿದ್ರೆ ಯಾರು ಬೇಡ ಅಂತಾರೆ?" ಎಂದು ಡಾಕ್ಟರು ಸ್ಕ್ಯಾನಿಗೆ ಬರೆದರು.

ಸಿಸ್ಟರ್ ತಾವೇ ಅಜ್ಜನ ಗಾಲಿಮಂಚ ತಳ್ಳಿಕೊಂಡು ಹೊರಟಾಗ ಸಂಶೋಧಕ ಪ್ರಶ್ನಾವಳಿ ಹಿಡಿದು ಅಡ್ಡ ಬಂದ. "ಒಂದೇ ನಿಮಿಷ ಮೇಡಂ. ಯಂತ್ರದ ವಿವರಣೆಯಿಂದ ಸರಿಯಾದ ನಿರ್ಧಾರಕ್ಕೆ ಅನುಕೂಲ ಆಯ್ತಾ? ಐದಕ್ಕೆ ಎಷ್ಟು ಕೊಡ್ತೀರಿ?"

"ಐದಕ್ಕೆ ಆರು ಹಾಕ್ಕೋ ಮಾರಾಯ," ಎಂದರು ಸಿಸ್ಟರ್, "ಮೊದಲು ದಾರಿ ಬಿಡು."