ಹೂಪಾತಿಗೆ ಹೋದ ಕಲ್ಲುಗಳು

ರಜೆ ಮುಗಿಸಿ ಬೆಳಿಗ್ಗೆ ಮರಾಠಿ ನಾಡಿನ ಕಾತ್ರಜದಲ್ಲಿ ಬಸ್ಸಿಳಿದ ಸ್ಪಂದನಾ ನೇರ ಕಾಲೇಜಿಗೆ ಬಂದಳು. ಭೂವಿಜ್ಞಾನ ಪ್ರಯೋಗಾಲಯದಲ್ಲಿ ಅವಳ ಕಪಾಟು ಬರಿದಾಗಿತ್ತು.

ಅದರಲ್ಲಿ ತೊಂಬತ್ತಾರು ಕಲ್ಲುಗಳಿದ್ದವು. ಹಾಸನದ ಕಡೆಯ ಹಳೆಯ ಗಣಿಯೊಂದರಿಂದ ನಾಲ್ಕು ವರ್ಷ ಹೊತ್ತು ತಂದವು. ಮುನ್ನೂರು ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಶಿಲಾರಸ ನಿಧಾನವಾಗಿ ತಣಿದು, ಪದರ ಪದರವಾಗಿ ಗಟ್ಟಿಯಾದ ಬಂಡೆ ಅದು. ಆಮೇಲೆ ಕಾವು, ಒತ್ತಡ, ನೀರು ಸೇರಿ ಅದರ ಖನಿಜಗಳನ್ನೇ ಮಾರ್ಪಡಿಸಿದ್ದವು. ಯಾವ ಪದರ ಎಷ್ಟು ಮಾರ್ಪಟ್ಟಿದೆ ಎಂಬುದೇ ಅವಳ ಪಿಎಚ್‌ಡಿ. ಅದಕ್ಕೇ ಪ್ರತಿ ಕಲ್ಲಿನ ಮೇಲೂ ಪದರದ ಸಂಖ್ಯೆ ಬರೆದಿದ್ದಳು.

"ತಪಾಸಣೆ ಸಮಿತಿ ಬರ್ತದಂತ ಎಲ್ಲಾ ಹೊರಗ ಹಾಕಿಸ್ಯಾರ್ರಿ," ಎಂದಳು ಪ್ರಯೋಗಾಲಯ ನೋಡಿಕೊಳ್ಳುವ, ಗಡಿ ಕಡೆಯ ಕನ್ನಡತಿ ಸಾವಿತ್ರಿಬಾಯಿ. "ಬ್ಯಾಡಂತ ನಾ ಭಾಳ ಹೇಳಿದ್ನಿ. ಬರ್ರಿ, ತೋರಸ್ತೀನಿ."

ಗೇಟಿನ ಪಕ್ಕದ ಹೊಸ ಹೂಪಾತಿಯ ಸುತ್ತ, ಅವಳ ಕಲ್ಲುಗಳು ಸಿಮೆಂಟಿನಲ್ಲಿ ಕೂತಿದ್ದವು. ಒಂದಕ್ಕೆ ಬಿಳಿ ಬಣ್ಣ, ಒಂದಕ್ಕೆ ಕೆಂಪು.

ಗಡಿ ಕಡೆಯವರೇ ಆದ ವಿಭಾಗದ ಮುಖ್ಯಸ್ಥ ವಿಕಾಸ ಅಲ್ಲೇ ಮಾಲಿಗೆ ಏನೋ ಹೇಳುತ್ತಿದ್ದರು. ಅವಳ ಮುಖ ನೋಡಿ ನಕ್ಕರು.

"ಕಲ್ಲು ಕಲ್ಲೇ ಅಲ್ಲೇನ್ರಿ? ಮತ್ತ ಹೋಗಿ ತಗೊಂಡ್ ಬರ್ರಿ."

"ಆ ಗಣೀಲಿ ಈಗ ಎಂಬತ್ತಡಿ ನೀರಿದೆ ಸರ್. ನೀವು ಮುಳುಗಿ ತಂದ್ಕೊಡ್ತೀರಾ?"

"ದನಿ ತಗ್ಗಿಸ್ರಿ. ಹನ್ನೊಂದಕ್ಕ ಸಮಿತಿ ಬರ್ತದ."

ಸ್ಪಂದನಾ ಒಳಗಿನಿಂದ ಸುತ್ತಿಗೆ, ಉಳಿ ತಂದು ಮಂಡಿಯೂರಿ ಸಿಮೆಂಟು ಒಡೆಯತೊಡಗಿದಳು. ವಿಕಾಸ ಕೂಗಾಡಿದರು, ಅವಳ ಪಿಎಚ್‌ಡಿ ಗೈಡಿಗೆ ಫೋನು ಮಾಡಿದರು, ಕೊನೆಗೆ ಕಾವಲುಗಾರನನ್ನು ಕರೆದರು. ಸಾವಿತ್ರಿಬಾಯಿ ಅವನಿಗೆ ಅಡ್ಡ ನಿಂತಳು. ಬೆರಳು ಜಜ್ಜಿ ರಕ್ತ ಬಂದರೂ ಸ್ಪಂದನಾ ನಿಲ್ಲಿಸಲಿಲ್ಲ.

ಕಾರಿನಿಂದಿಳಿದ ಸಮಿತಿಯವರಲ್ಲಿ ಒಬ್ಬರು, ಏನು ನಡೆದಿದೆ ಎಂದು ಮರಾಠಿಯಲ್ಲಿ ಕೇಳಿದರು.

"ನನ್ನ ಥೀಸಿಸ್ ಅಗೀತಿದ್ದೀನಿ," ಎಂದು ಅವಳೂ ಮರಾಠಿಯಲ್ಲೇ ಹೇಳಿದಳು.

ಅವರು ತಲೆಯಾಡಿಸಿ ಚಹಾಕ್ಕೆ ಒಳಗೆ ಹೋದರು. ವಿಭಾಗಕ್ಕೆ ಒಳ್ಳೆಯ ದರ್ಜೆಯೇ ಸಿಕ್ಕಿತು.

ಸ್ಪಂದನಾಗೆ ಸಿಕ್ಕಿದ್ದು ಎಪ್ಪತ್ತೊಂದು ಕಲ್ಲು, ಒಂದು ನೋಟಿಸು. ಬಣ್ಣ ಉಜ್ಜಿ ತೆಗೆದಾಗ ನಲವತ್ತು ಕಲ್ಲುಗಳ ಸಂಖ್ಯೆ ಮಾತ್ರ ಓದಲು ಬಂತು. ಉಳಿದವನ್ನು ಮತ್ತೆ ತೆಳ್ಳಗೆ ಕೊಯ್ದು, ಸೂಕ್ಷ್ಮದರ್ಶಕದಲ್ಲಿ ಮೂಲ ಖನಿಜದ ಚೂರುಗಳನ್ನು ಹುಡುಕಿ, ಒಂದೊಂದನ್ನೇ ಅದರ ಪದರಕ್ಕೆ ಸೇರಿಸಿದಳು. ಎಂಟು ತಿಂಗಳು ಹಿಡಿಯಿತು. ಹದಿಮೂರು ಕಲ್ಲುಗಳಿಗೆ ಜಾಗ ಸಿಗಲೇ ಇಲ್ಲ.

ಡಿಗ್ರಿ ಬಂದ ದಿನ ವಿಕಾಸ ಕೈ ಚಾಚಿ, "ಎಲ್ಲಾ ಛಲೋ ಆತಲ್ರೀ," ಎಂದರು.

"ಇಲ್ಲ ಸರ್, ಆಗ್ಲಿಲ್ಲ," ಎಂದ ಸ್ಪಂದನಾ ಕೈ ಕೊಡದೆ ಹೊರನಡೆದಳು.