ಪಕ್ಕದವರ ಎಲೆ

ಅಮೆರಿಕದ ರೀನೋ ಪಟ್ಟಣದ ವರ್ನನ್‌ನ ಮನೆತನದಲ್ಲಿ ಒಂದು ವಾಡಿಕೆ. ಮಕ್ಕಳಿಗೆ ಇಪ್ಪತ್ತೊಂದು ತುಂಬಿದ ದಿನ ಹೆತ್ತವರೇ ಕೈಹಿಡಿದು ಕ್ಯಾಸಿನೋದಲ್ಲಿ ಪೋಕರ್ ಎಂಬ ಇಸ್ಪೀಟು ಜೂಜಿನ ಮೇಜಿಗೆ ಕೂರಿಸಬೇಕು. ಈ ಸಲ ಒಬ್ಬಳೇ ಮಗಳು ಕೊರೀನಳ ಸರದಿ.

ಬೆಳಗಿನ ಪ್ರಾರ್ಥನೆ ಮುಗಿಸಿ ಪ್ಯಾನ್‌ಕೇಕ್ ಬಡಿಸುತ್ತ ತಾಯಿ ಮಾರ್ಲಿಸ್, "ಇದನ್ನ ಇಲ್ಲಿಗೇ ಬಿಡೋಣ," ಎಂದಳು.

"ನನ್ನಪ್ಪ ನನ್ನ ಕೂರಿಸಿದ್ದ, ನಾನು ವರ್ನನ್‌ನ ಕೂರಿಸ್ದೆ. ಸೂರೇನು ಹಾರ್ಹೋಯ್ತಾ?" ಎಂದಳು ಅತ್ತೆ ಎಡ್ನಾ. "ಉಪದೇಶ ಚರ್ಚಲ್ಲಿರ್ಲಿ. ಬೆಣ್ಣೆ ಈ ಕಡೆ ತಳ್ಳು."

ಆ ಮೇಜಿನಲ್ಲಿ ಆಟಗಾರರು ಪರಸ್ಪರ ಎದುರಾಳಿಗಳಲ್ಲ, ಎಲ್ಲರ ಆಟವೂ ಕ್ಯಾಸಿನೋದ ಎದುರು; ಕೊನೆಗೆ ಮೇಜಿನ ನಡುವೆ ಬೀಳುವ ಎಲೆಗಳು ಎಲ್ಲರ ಕೈಗೂ ಲೆಕ್ಕ. ಎಲೆ ತೋರಿಸಬಾರದೆಂಬ ನಿಯಮವಿದ್ದರೂ ಹೆಂಡತಿಯನ್ನು ಎಡಕ್ಕೆ ಕೂರಿಸಿ, ಅವಳ ಎಲೆ ತನ್ನತ್ತ ವಾಲುವಂತೆ ಹಿಡಿಸುವುದು ವರ್ನನ್‌ನ ವಿದ್ಯೆ. ತನಗೆ ಬೇಕಾದ ರಾಣಿ ಅವಳ ಕೈಯಲ್ಲಿದ್ದರೆ ಮೇಜಿನ ನಡುವೆ ಬೀಳುವ ಆಸೆ ಕಡಿಮೆ, ಪಣ ಏರಿಸುತ್ತಿರಲಿಲ್ಲ. ಕಾಣದಿದ್ದರೆ ಏರಿಸುತ್ತಿದ್ದ. ಬರಬರುತ್ತ ಈ ಇಣುಕುವ ಚಾಳಿ ಮನೆಗೂ ಬಂತು. ಅವಳ ಕೈಚೀಲ, ಅವಳ ಫೋನು, ಕೊನೆಗೆ ಅವಳ ಮೌನದ ಹಿಂದೆಯೂ ಇನ್ನೊಂದು ಎಲೆ ಇದೆಯೆಂದೇ ಅವನ ಗುಮಾನಿ.

ಮಧ್ಯಾಹ್ನ ಕ್ಯಾಸಿನೋದಲ್ಲಿ ಮಾರ್ಲಿಸ್ ಎಂದಿನಂತೆ ಗಂಡನ ಎಡಕ್ಕೆ, ಕೊರೀನ್ ಅಪ್ಪನ ಬಲಕ್ಕೆ ಕುಳಿತರು.

"ಸ್ವಲ್ಪ ವಾಲಿಸು ಚಿನ್ನ. ಇವತ್ತಿಂದ ನಂಗೆ ಎರಡೂ ಕಡೆ ಕಣ್ಣು," ಎಂದು ಅವನು ಪಿಸುಗುಟ್ಟಿ ನಕ್ಕ.

ಎಡಕ್ಕೂ ಬಲಕ್ಕೂ ಇಣುಕಿದ. ರಾಣಿ ಎಲ್ಲೂ ಕಾಣಲಿಲ್ಲ. ಪಣ ಏರಿಸಿ ಸೋತ. ಎಲ್ಲರ ಎಲೆ ಬಿಚ್ಚಿದಾಗ ರಾಣಿ ಇದ್ದದ್ದು ಮಾರ್ಲಿಸಳ ಕೈಯಲ್ಲಿ.

"ಬಚ್ಚಿಟ್ಟೆ," ಎಂದ ಹಲ್ಲು ಕಚ್ಚಿ.

"ಇಲ್ಲ ವರ್ನನ್, ಜಾರಿ ಇನ್ನೊಂದರ ಹಿಂದೆ ಸೇರ್ಕೊಂಡಿತ್ತು."

"ಇಷ್ಟು ವರ್ಷ ಜಾರದ್ದು ಇವತ್ತೇ ಜಾರ್ತಾ?"

ಇಂಥ ಗುಮಾನಿಯ ಮಾತು ಮಾರ್ಲಿಸಳಿಗೆ ಹಳೆಯದು. ಹೊಸದೆಂದರೆ, ಕೊರೀನ್ ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ, ಅಪ್ಪನದೇ ನೋಟದಿಂದ ಕೇಳಿದ್ದು: "ನಿಜ ಹೇಳಮ್ಮ, ಬೇಕಂತ್ಲೇ ಮುಚ್ಚಿದ್ಯಾ?"

ಮಾರ್ಲಿಸ್ ಮಗಳ ಕಣ್ಣನ್ನೇ ನೋಡಿದಳು. ಭಗವಂತಾ, ಈ ಚಾಳಿ ಇವಳನ್ನೂ ಹಿಡಿಯಿತೇ? ಮುಂದಿನ ಸುತ್ತಿನ ಎಲೆ ಬಂದಿತ್ತು. ಅವಳು ಮುಟ್ಟದೆ ಎದ್ದಳು.

"ಕೂತ್ಕೋ! ನೀನೆದ್ರೆ ನಾನೇನ್ ನೋಡ್ಲಿ?"

"ಒಂದ್ಸಲ ನನ್ನ ಮುಖ ನೋಡು." ಮಗಳತ್ತ ತಿರುಗಿದಳು. "ಇಲ್ಲಿ ಆಟ ಕಲಿಯಲ್ಲ ಮಗಳೇ. ಪಕ್ಕದಲ್ಲಿ ಕೂತೋರನ್ನ ನಂಬಬಾರದು ಅಂತ ಕಲೀತೀಯ. ನಾನಿನ್ನು ಈ ಮೇಜಿಗೆ ಬರಲ್ಲ. ನೀನು ಬರ್ತೀಯಾ?"

ಕೊರೀನ್ ಅಪ್ಪನನ್ನು ನೋಡಿದಳು. ಅವನ ಕಣ್ಣು ಅವಳ ಮುಖದ ಮೇಲಿರಲಿಲ್ಲ. ಅವಳ ಕೈಯಲ್ಲಿದ್ದ ಎಲೆಯ ಮೇಲಿತ್ತು. ಅವಳು ಎಲೆಗಳನ್ನು ಮಗುಚಿಟ್ಟು ಅಂಗೈಯಿಂದ ಮುಚ್ಚಿದಳು.

"ಸಾಕಪ್ಪ, ನೋಡಬೇಡ," ಎಂದು ಕುರ್ಚಿ ಹಿಂದೆ ತಳ್ಳಿದಳು.

ತಾಯಿ ಮಗಳು ಬಾಗಿಲವರೆಗೆ ಹೋದರು. ಮಾರ್ಲಿಸ್ ಒಮ್ಮೆ ತಿರುಗಿ ನೋಡಿದಳು. ಎರಡೂ ಪಕ್ಕದ ಕುರ್ಚಿಗಳು ಬರಿದಾಗಿದ್ದವು. ಆದರೂ ವರ್ನನ್, ಯಾರೋ ಇಣುಕುತ್ತಿದ್ದಾರೆಂಬಂತೆ, ತನ್ನ ಎಲೆಗಳನ್ನು ಎದೆಗೆ ಒತ್ತಿ ಹಿಡಿದಿದ್ದ.